ಹಳೇ ಡೀಸೆಲ್ ಪಿಕಪ್‌ನ ಮಿಸ್ಸಿಂಗ್ ಹೋಗುತ್ತಲೇ ಇಲ್ಲ. ಪಂಪ್ ಮಾಡಿಸಲಾ, ಎಂಜಿನ್ ಬಿಚ್ಚಿಸಲಾ, ಗಾಡಿಯನ್ನೇ ಮಾರಲಾ?

ಇಂಜೆಕ್ಟರ್ ಸರ್ವಿಸ್ ಮಾಡಿಸಿದ್ದೀರಿ, ಫಿಲ್ಟರ್ ಹೊಸದು, ಆದರೂ ಲೋಡ್ ಹಾಕಿ ಗುಡ್ಡೆ ಹತ್ತಿಸಿದರೆ ಮಿಸ್ಸಿಂಗ್, ಅಂದರೆ ಎಂಜಿನ್ ನಡುನಡುವೆ ಏಟು ತಪ್ಪುವುದು. ಗ್ಯಾರೇಜಿಗೆ ಕೊಂಡುಹೋದರೆ ಮಾತ್ರ ಗಾಡಿ ಸರಿ ಇರುತ್ತದೆ. ಈ ಕೊನೆಯ ಮಾತು ಓದಿ ನನಗೆ ನಗು ಬಂತು, ಬೇಜಾರು ಮಾಡ್ಕೋಬೇಡಿ. ನೀವು ಕಾಸರಗೋಡು ಜಿಲ್ಲೆಯ ಪೆರ್ಲದವರು ಎಂದು ಬರೆದಿದ್ದೀರಿ. ನಾನು ಮುಳ್ಳೇರಿಯದಿಂದ ಸ್ವಲ್ಪ ಆಚೆ, ಆದೂರಿನ ಬದಿಯವನು. ಗಾಡಿಯೂ ಹೆಚ್ಚುಕಡಿಮೆ ನಿಮ್ಮದೇ ಜಾತಿ. ನಾಲ್ಕು ಸಿಲಿಂಡರ್, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲದೆ ಇಂಜೆಕ್ಟರುಗಳಿಗೆ ಡೀಸೆಲ್ ಒತ್ತಿ ಕಳಿಸುವ ಮೆಕ್ಯಾನಿಕಲ್ ಪಂಪ್. ಅಡಿಕೆಗೂ ಅದೇ, ಗೊಬ್ಬರಕ್ಕೂ ಅದೇ, ನೆಂಟರ ಮನೆಯ ಪೂಜೆಗೆ ಪಾತ್ರೆ ಸಾಗಿಸುವುದಕ್ಕೂ ಅದೇ.

ನನ್ನದು ಶುರುವಾದದ್ದು 2023ರ ಮಳೆಗಾಲ ಕಳೆದ ಮೇಲೆ. ಆ ಏಪ್ರಿಲಿನಿಂದ ಕೇರಳದಲ್ಲಿ ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಬಂದಿತ್ತು. ಮೊದಲೇ ಕರ್ನಾಟಕಕ್ಕಿಂತ ರೇಟು ಜಾಸ್ತಿ, ಮೇಲಿಂದ ಇದು. ಗಡಿಯ ನಮ್ಮಂಥವರು ಏನು ಮಾಡುತ್ತೇವೆ ಎಂದು ನಿಮಗೆ ಹೇಳಬೇಕಾಗಿಲ್ಲ, ನೀವು ಅಡ್ಯನಡ್ಕದ ಕಡೆ ಕರ್ನಾಟಕಕ್ಕೆ ದಾಟುತ್ತೀರಿ, ನಾವು ಜಾಲ್ಸೂರಿನ ಕಡೆ. ಟ್ಯಾಂಕ್ ತಳ ಕಾಣುವವರೆಗೆ ಇಲ್ಲಿ ಓಡಿಸುವುದು, ಗಡಿ ದಾಟಿದ ಮೇಲೆ ಫುಲ್ ಮಾಡಿಸುವುದು. ಇದು ನೆನಪಿರಲಿ, ಕಥೆ ಇಡೀ ಇದರ ಮೇಲೆಯೇ ನಿಂತಿದೆ.

ಸುಳ್ಯಕ್ಕೆ ಅಡಿಕೆ ಕೊಂಡುಹೋಗುವಾಗ ಕೊಟ್ಯಾಡಿ ಕಡೆಯ ಏರಿನಲ್ಲಿ ಗಾಡಿ ಮುಕ್ಕರಿಸಲು ಶುರು ಮಾಡಿತು. ಡಬ್ ಡಬ್ ಎಂದು ಒಂದೆರಡು ಏಟು ತಪ್ಪುವುದು, ಎಳೆತ ಬಿದ್ದುಹೋಗುವುದು, ಹಿಂದಿನಿಂದ ಬಿಳಿ ಹೊಗೆ. ಗೇರ್ ಇಳಿಸಿ ಹೇಗೋ ಏರು ದಾಟಿಸಿದರೆ ಸಪಾಟು ರಸ್ತೆಯಲ್ಲಿ ಸುಮಾರಾಗಿ ಹೋಗುತ್ತದೆ. ವಾಪಸ್ ಬರುವಾಗ ಅದೇ ರಸ್ತೆಯಲ್ಲಿ ಗೊಬ್ಬರದ ಲೋಡ್ ಇದ್ದರೂ ಉಸಿರೆತ್ತುವುದಿಲ್ಲ. ಊರಲ್ಲಿ ಕೇಳಿದರೆ ಎಲ್ಲರಿಗೂ ಉತ್ತರ ಗೊತ್ತು. ಡೀಸೆಲಿನಲ್ಲಿ ನೀರು ಎಂದರು. ಒಬ್ಬರಂತೂ ಪ್ಲಗ್ ಬದಲಿಸಿ ನೋಡಿ ಎಂದರು. ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ ಮಾರಾಯ್ರೆ. ಗಾಳಿಯನ್ನು ಸುಮಾರು 18-20 ಪಟ್ಟು ಒತ್ತಿದಾಗ ಹುಟ್ಟುವ ಬಿಸಿಗೇ ಅಲ್ಲಿ ಡೀಸೆಲ್ ಹೊತ್ತಿಕೊಳ್ಳುವುದು.

ಸುಳ್ಯದ ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಎಂಜಿನ್ ಐಡಲಿನಲ್ಲಿಟ್ಟು ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡಿದರು. ಸರಿಯಾದ ಪರೀಕ್ಷೆಯೇ ಅದು. ಸಡಿಲಿಸಿದಾಗ ಎಂಜಿನ್ ಸದ್ದು ಬದಲಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಬದಲಾಗದಿದ್ದರೆ ಅದೇ ಕಳ್ಳ. ಎರಡನೆಯದು ವೀಕ್ ಎಂದರು. ಇಂಜೆಕ್ಟರ್ ಇಳಿಸಿ ಅದರ ಡೀಸೆಲ್ ಚಿಮ್ಮಿಸುವ ತುದಿ, ಅಂದರೆ ನಾಝಲ್ ಹೊಸದು ಹಾಕಿದರು, ಅಡಿಯ ತಾಮ್ರದ ವಾಷರ್ ಬದಲಿಸಿದರು, ಟ್ಯಾಪೆಟ್ (ವಾಲ್ವಿನ ಸಂದು) ಸರಿಹೊಂದಿಸಿದರು. ಟ್ರಯಲ್ ನೋಡಿದಾಗ ಸೂಪರ್. ಮುಂದಿನ ಲೋಡಿಗೆ ಅದೇ ಏರು, ಅದೇ ಡಬ್ ಡಬ್. ಸಿಟ್ಟು ಬಂದು ಬೇರೆ ಗ್ಯಾರೇಜಿಗೆ ಹೋದೆ. ಅವರು ಅದೇ ಪರೀಕ್ಷೆ ಮಾಡಿ ನಾಲ್ಕನೆಯದು ಎಂದರು. ನೋಡಿ, ಮೊದಲಿನವನಿಗೆ ಕೆಲಸವೇ ಗೊತ್ತಿಲ್ಲ ಎಂದು ನಾನು ಮನಸ್ಸಲ್ಲೇ ಬೈದೆ. ಈ ಎರಡನೆಯವರು ಪಂಪ್ ಬಿಚ್ಚಿಸಿದರು. ಕ್ಯಾಲಿಬ್ರೇಷನ್, ಸೀಲ್ ಕಿಟ್, ಡೀಸೆಲನ್ನು ಒತ್ತುವ ಪ್ಲಂಜರ್ ಎಲ್ಲ ಸೇರಿ ಆ ವರ್ಷದ ಪಟೋರ, ಕೋಕ ಎಂಬ ಕಡಿಮೆ ದರ್ಜೆಯ ಅಡಿಕೆ ಮಾರಿದ ದುಡ್ಡು ಪೂರ್ತಿ ಅಲ್ಲಿಗೇ ಹೋಯಿತು. ಮಿಸ್ಸಿಂಗ್ ಹೋಗಲಿಲ್ಲ. ಇನ್ನು ಎಂಜಿನಿನ ಮೇಲಿನ ಭಾಗ, ಅಂದರೆ ಹೆಡ್ ಇಳಿಸಿ ನೋಡಬೇಕಷ್ಟೆ ಎಂದರು. ನೀವು ಈಗ ನಿಂತಿರುವುದು ಇದೇ ಜಾಗದಲ್ಲಿ, ಅಲ್ವಾ?

ಈಗ ನನ್ನ ತಪ್ಪು ಎಲ್ಲಿತ್ತು ಎಂದು ಹೇಳುತ್ತೇನೆ. ಸ್ವಲ್ಪ ಉದ್ದವಾಗಬಹುದು, ಆದರೆ ಉಳಿದದ್ದೆಲ್ಲ ಬಿಟ್ಟರೂ ಇದನ್ನು ಓದಿ.

ಗ್ಯಾರೇಜಿಗೆ ಹೋಗುವಾಗಲೆಲ್ಲ ನಾನು ದಾರಿಯಲ್ಲಿ ಟ್ಯಾಂಕ್ ಫುಲ್ ಮಾಡಿಸಿಕೊಂಡೇ ಹೋಗುತ್ತಿದ್ದೆ. ಹೇಗೂ ಗಡಿ ದಾಟಿದ್ದೇನೆ, ರೇಟು ಕಡಿಮೆ, ಮೆಕ್ಯಾನಿಕ್ ಟ್ರಯಲ್ ನೋಡುವಾಗ ಡೀಸೆಲ್ ಮುಗಿಯಬಾರದು ಎಂಬ ಮರ್ಯಾದೆ ಬೇರೆ. ಅಂದರೆ ಮನೆಯಿಂದ ಜಾಲ್ಸೂರಿನವರೆಗೆ ಗಾಡಿಗೆ ರೋಗ. ಡೀಸೆಲ್ ಹಾಕಿದ ಕೂಡಲೇ ರೋಗ ಅರ್ಧ ಇಳಿಯುತ್ತದೆ. ಅಲ್ಲಿಂದ ಸುಳ್ಯ ಮುಟ್ಟುವುದರೊಳಗೆ ಪೂರ್ತಿ ವಾಸಿ. ಮೆಕ್ಯಾನಿಕ್ ಕೈಗೆ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಆರೋಗ್ಯವಂತ ಗಾಡಿ. ಅದರಲ್ಲಿ ಎಲ್ಲೋ ಉಳಿದ ಒಂದಿಷ್ಟು ತೊಂದರೆ ಆ ಕ್ಷಣದಲ್ಲಿ ಯಾವ ಸಿಲಿಂಡರಿಗೆ ಸಿಕ್ಕಿತೋ ಅದನ್ನೇ ಅವರು ತೋರಿಸುತ್ತಿದ್ದರು. ಹಾಗಾಗಿ ಎರಡನೆಯದು ಎಂದವನೂ ಸರಿ, ನಾಲ್ಕನೆಯದು ಎಂದವನೂ ಸರಿ. ನಾನು ಇಬ್ಬರಲ್ಲಿ ಒಬ್ಬನನ್ನು ದಡ್ಡ ಎಂದುಕೊಂಡೆನೇ ಹೊರತು, ಸಿಲಿಂಡರ್ ಯಾಕೆ ಬದಲಾಗುತ್ತಿದೆ ಎಂದು ಕೇಳಲಿಲ್ಲ. ಟ್ಯಾಪೆಟ್, ಕಂಪ್ರೆಷನ್, ನಾಝಲ್ ಇವು ಯಾವುವೂ ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಎದ್ದು ಹೋಗುವುದಿಲ್ಲ. ಮಿಸ್ಸಿಂಗ್ ಜಾಗ ಬದಲಿಸುತ್ತಿದ್ದರೆ ತೊಂದರೆ ನಾಲ್ಕಕ್ಕೂ ಸೇರಿದ ಕಡೆ ಇರಬೇಕು. ಅಂದರೆ ಪಂಪ್, ಅಥವಾ ಪಂಪಿಗಿಂತ ಹಿಂದೆ. ಪಂಪ್ ಮಾಡಿಸಿ ಆಗಿದೆ. ಹಾಗಾದರೆ ಹಿಂದೆ. ಇಷ್ಟು ಲೆಕ್ಕ ಹಾಕಲು ಪೆನ್ನು ಕೂಡ ಬೇಡ, ನಾನು ಹಾಕಲಿಲ್ಲ.

ಗೊತ್ತಾದದ್ದು ಮನೆಯ ಅಂಗಳದಲ್ಲಿ. ತೋಟಕ್ಕೆ ಮದ್ದು ಬಿಡುವ ಪಂಪಿನ ರಿಪೇರಿಗೆ ಒಬ್ಬರು ಬಂದಿದ್ದರು. ಅವತ್ತು ಪಿಕಪ್‌ನಲ್ಲಿ ಡೀಸೆಲ್ ತಳಕ್ಕೆ ಹೋಗಿತ್ತು. ಗಾಡಿಯನ್ನು ಹಿಂದೆ ಸರಿಸುವಾಗ ಸದ್ದು ಕೇಳಿ, ಇದು ಗಾಳಿ ಎಳೆಯುತ್ತಿದೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಎಲ್ಲೂ ಒಂದು ಹನಿ ಡೀಸೆಲ್ ಸೋರುತ್ತಿಲ್ಲವಲ್ಲ ಎಂದೆ. ಅದಕ್ಕೆ ಅವರು ಹೇಳಿದ್ದು ಇಷ್ಟೆ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲನ್ನು ಎಳೆಯುವುದು, ತಳ್ಳುವುದಲ್ಲ. ಎಳೆಯುವ ಪೈಪಿನಲ್ಲಿ ತೂತಾದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಡೀಸೆಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ ಎನ್ನಬಹುದು, ಹಾಗಾಗಿ ಪ್ಲಂಜರಿನ ಒತ್ತಡ ನೇರ ನಾಝಲಿಗೆ ಮುಟ್ಟುತ್ತದೆ. ನಡುವೆ ಗಾಳಿಯ ಗುಳ್ಳೆ ಬಂದರೆ ಪ್ಲಂಜರ್ ಗುಳ್ಳೆಯನ್ನು ಒತ್ತಿ ಸುಮ್ನಾಗುತ್ತದೆ. ನಾಝಲ್ ಸರಿಯಾಗಿ ತೆರೆಯುವುದೇ ಇಲ್ಲ. ಆ ಏಟು ಹೋಯಿತು. ಮುಂದಿನ ಗುಳ್ಳೆ ಯಾರ ಸರದಿಗೆ ಬರುತ್ತದೋ ಅವನ ಏಟು ಹೋಯಿತು.

ಅಲ್ಲೇ ಬಿದ್ದಿದ್ದ ಪಾರದರ್ಶಕ ಪ್ಲಾಸ್ಟಿಕ್ ಪೈಪಿನ ಒಂದು ತುಂಡನ್ನು ಫಿಲ್ಟರಿಗೂ ಪಂಪಿಗೂ ನಡುವೆ ಕ್ಲಿಪ್ ಹಾಕಿ ಸೇರಿಸಿದರು. ಏರ್ ತೆಗೆದು ಸ್ಟಾರ್ಟ್ ಮಾಡಿದರೆ ಒಂದೊಂದೇ ಗುಳ್ಳೆ. ಆಕ್ಸಿಲರೇಟರ್ ಒತ್ತಿದರೆ ಸಾಲು ಸಾಲು. ಕೈಯಲ್ಲಿ ಒತ್ತಿ ಡೀಸೆಲ್ ಎಳೆಯುವ ಹ್ಯಾಂಡ್ ಪ್ರೈಮರ್ ನೋಡಿದೆವು, ಪೈಪ್ ಕೂಡಿಸುವ ಬ್ಯಾಂಜೋ ಬೋಲ್ಟುಗಳ ವಾಷರ್ ಬದಲಿಸಿದೆವು, ಗಟ್ಟಿಯಾದ ರಬ್ಬರ್ ಪೈಪ್ ಕಿತ್ತು ಹೊಸದು ಹಾಕಿದೆವು. ಗುಳ್ಳೆ ನಿಲ್ಲಲಿಲ್ಲ. ಕೊನೆಗೆ ಡೀಸೆಲ್ ಏನಾದರೂ ತೀರಾ ಕಡಿಮೆ ಇದೆಯೋ ಎಂದು ಕ್ಯಾನಿನಲ್ಲಿದ್ದದ್ದನ್ನು ಟ್ಯಾಂಕಿಗೆ ಸುರಿದೆ. ಸ್ವಲ್ಪ ಹೊತ್ತಿನಲ್ಲಿ ಗುಳ್ಳೆ ಮಾಯ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಟ್ಯಾಂಕಿನ ಮೇಲಿನ ಪ್ಲೇಟ್ ಬಿಚ್ಚಿ ಒಳಗಿನ ಪೈಪ್ ಎಳೆದಾಗ ಕಂಡಿತು. ತಳದವರೆಗೆ ಇಳಿಯುವ ಕಬ್ಬಿಣದ ಪೈಪಿನ ನಡುವಿನಲ್ಲಿ ತುಕ್ಕು ತಿಂದು ಸೂಜಿ ಮೊನೆಯಷ್ಟು ತೂತು. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ತಂಪಾಗಿ ನೀರಿಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ಕೇಳುವುದೇ ಬೇಡ. ತೂತಿಗಿಂತ ಮೇಲೆ ಡೀಸೆಲ್ ಇದ್ದಷ್ಟು ಹೊತ್ತು ತೂತಿನಿಂದಲೂ ಡೀಸೆಲ್ಲೇ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮಟ್ಟ ಕೆಳಗಿಳಿದರೆ ತೂತಿನ ಸ್ಟ್ರಾದಲ್ಲಿ ಬೊಂಡದ ನೀರು (ಎಳನೀರು) ಕುಡಿದ ಹಾಗೆ. ಏರಿನಲ್ಲಿ ಡೀಸೆಲ್ ಹಿಂದಕ್ಕೆ ಸರಿಯುತ್ತದೆ, ಎಂಜಿನ್ ಜಾಸ್ತಿ ಕೇಳುತ್ತದೆ, ಅಲ್ಲೇ ಮುಕ್ಕರಿಸುವುದು. ಅಂದ ಹಾಗೆ ಡೀಸೆಲ್ ಮುಳ್ಳಿನ ಫ್ಲೋಟೂ ಅದೇ ಪ್ಲೇಟಿನಲ್ಲಿತ್ತು. ಮುಳ್ಳು ಸತ್ತು ಎಷ್ಟೋ ಕಾಲವಾಗಿತ್ತು. ಹಳೇ ಗಾಡಿ, ಮುಳ್ಳು ಯಾರಿಗೆ ಬೇಕು ಎಂದು ಬಿಟ್ಟಿದ್ದೆ. ಮುಳ್ಳು ಸರಿ ಇದ್ದಿದ್ದರೆ ಮಟ್ಟಕ್ಕೂ ಮಿಸ್ಸಿಂಗಿಗೂ ಇರುವ ಸಂಬಂಧ ಕಣ್ಣಿಗೆ ಬೀಳುತ್ತಿತ್ತೇನೋ. ಗುಜರಿಯಿಂದ ಇಡೀ ಪ್ಲೇಟ್ ತಂದು ಹಾಕಿಸಿದೆ. ಪಂಪಿನ ಬಿಲ್ಲಿನ ಹತ್ತನೇ ಒಂದು ಪಾಲೂ ಆಗಲಿಲ್ಲ.

ಈಗ ನಿಮ್ಮ ಪ್ರಶ್ನೆ. ಪಂಪಾ, ಎಂಜಿನ್ನಾ, ಮಾರಾಟವಾ ಎಂದು ಕೇಳಿದ್ದೀರಿ. ಈ ಮೂರರಲ್ಲಿ ಒಂದನ್ನು ನಾನು ಆರಿಸಿಕೊಡುವುದಿಲ್ಲ, ಪ್ರಶ್ನೆಯೇ ಸರಿ ಇಲ್ಲ. ಯಾವ ಸಿಲಿಂಡರ್ ಎಂದು ನೀವು ಬರೆದೇ ಇಲ್ಲ. ನಿಮ್ಮ ತೊಂದರೆ ನನ್ನದೇ ಎಂದೂ ನಾನು ಹೇಳುತ್ತಿಲ್ಲ. ಆದರೆ ಇಷ್ಟು ದುಡ್ಡು ಹಾಕಿದ ಮೇಲೂ ಯಾವ ಸಿಲಿಂಡರ್ ಎಂದೇ ಗೊತ್ತಿಲ್ಲ ಎಂದರೆ ಇಲ್ಲಿಯವರೆಗೆ ಆದದ್ದು ಸಾಮಾನು ಬದಲಿಸುವ ವ್ಯಾಪಾರ, ರೋಗ ಹುಡುಕಿದ್ದಲ್ಲ.

ಮಿಸ್ಸಿಂಗ್ ಇರುವಾಗಲೇ, ಅದು ಬರುವ ಸ್ಥಿತಿಯಲ್ಲೇ ನೋಡಿಸಿ. ಡೀಸೆಲ್ ಕಡಿಮೆ ಇರುವಾಗ ಬರುವುದಾದರೆ ಕಡಿಮೆ ಇರುವಾಗ. ಬೆಳಗ್ಗೆ ತಣ್ಣಗಿರುವಾಗ ಬರುವುದಾದರೆ ಮೆಕ್ಯಾನಿಕನ್ನೇ ಮನೆಗೆ ಕರೆಸಿ. ಪೆರ್ಲದಿಂದ ವಿಟ್ಲದವರೆಗೆ ಓಡಿಸಿ ಬಿಸಿ ಮಾಡಿ ತೋರಿಸಿದರೆ ಏನು ಕಂಡೀತು? ನಟ್ ಸಡಿಲಿಸುವ ಪರೀಕ್ಷೆಯಲ್ಲಿ ಯಾವಾಗಲೂ ಒಂದೇ ಸಿಲಿಂಡರ್ ಸಿಕ್ಕಿದರೆ, ಅದರ ಇಂಜೆಕ್ಟರನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿಸಿ. ತೊಂದರೆ ಇಂಜೆಕ್ಟರ್ ಜೊತೆ ಹೋದರೆ ಇಂಜೆಕ್ಟರ್. ಅಲ್ಲೇ ಉಳಿದರೆ ಟ್ಯಾಪೆಟ್ ನೋಡಿಸಿ, ಆಮೇಲೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿ. ಮೂರು ಹತ್ತಿರ ಹತ್ತಿರ ಇದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಆಗ ಹೆಡ್ ಇಳಿಸುವ ಮಾತಾಡಬಹುದು. ಗೇಜ್ ಹಾಕದೆ ಹೆಡ್ ಇಳಿಸೋಣ ಎನ್ನುವವರ ಗ್ಯಾರೇಜಿನಿಂದ ಗಾಡಿ ಹೊರಗೆ ತನ್ನಿ. ಇದರಲ್ಲಿ ನನಗೆ ದಾಕ್ಷಿಣ್ಯ ಇಲ್ಲ.

ಸಿಲಿಂಡರ್ ಬದಲಾಗುತ್ತಿದ್ದರೆ ಪಾರದರ್ಶಕ ಪೈಪ್. ಗುಳ್ಳೆ ಕಂಡರೆ ಇನ್ನೊಂದು ಪರೀಕ್ಷೆ ಇದೆ. ಟ್ಯಾಂಕಿನ ಲೈನ್ ಬಿಡಿಸಿ, ಒಂದು ಕ್ಯಾನಿನಿಂದ ನೇರ ಫಿಲ್ಟರಿಗೆ ಡೀಸೆಲ್ ಕೊಟ್ಟು ಅಂಗಳದಲ್ಲೇ ಓಡಿಸಿ ನೋಡುವುದು. ಗುಳ್ಳೆಯೂ ಮಿಸ್ಸಿಂಗೂ ಹೋದರೆ ಟ್ಯಾಂಕ್ ಕಡೆಯ ತೊಂದರೆ, ಹೋಗದಿದ್ದರೆ ಫಿಲ್ಟರ್ ಹೆಡ್ ಮತ್ತು ಅದರ ಮುಂದಿನದ್ದು. ಕ್ಯಾನನ್ನು ಸೈಲೆನ್ಸರ್ ಕಡೆಯಿಂದ ದೂರ ಗಟ್ಟಿಯಾಗಿ ಕಟ್ಟಿ. ಹಾಗೆಯೇ ರೋಡಿಗೆ ಹೋಗಬೇಡಿ.

ಒಂದು ವಿಷಯದಲ್ಲಿ ಹುಷಾರು. ನಟ್ ಸಡಿಲಿಸುವ ಆಟ ಹಳೇ ಮೆಕ್ಯಾನಿಕಲ್ ಪಂಪಿಗೆ ಮಾತ್ರ, ಅದೂ ತಿಳಿದವರ ಕೈಯಲ್ಲಿ. ಕಂಪ್ಯೂಟರ್ ಹಿಡಿತದ ಹೊಸ ಕಾಲದ ಕಾಮನ್ ರೈಲ್ ಎಂಜಿನ್ ಆದರೆ ಓಡುವಾಗ ಆ ಪೈಪುಗಳನ್ನು ಮುಟ್ಟಲೇಬಾರದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮದೊಳಕ್ಕೇ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕಾದ ಗಾಯ ಅದು. ಅಂಥ ಗಾಡಿಗೆ ಸ್ಕ್ಯಾನರ್ ಹಾಕಿಸಿ, ಇಂಜೆಕ್ಟರುಗಳಿಂದ ವಾಪಸ್ ಹೋಗುವ ಡೀಸೆಲ್ (ರಿಟರ್ನ್) ಅಳತೆ ಮಾಡಿಸಿ.

ಮಾರುವುದಾದರೂ ಇದೆಲ್ಲ ಆದ ಮೇಲೆ ಮಾರಿ. ಮಿಸ್ಸಿಂಗ್ ಇರುವ ಗಾಡಿಗೆ ಗುಜರಿ ರೇಟು ಕೇಳುತ್ತಾರೆ. ಟ್ಯಾಂಕೇ ತೂತಾಗಿದೆ ಎಂದು ಕಂಡುಬಂದರೆ ಮಾತ್ರ ಪಕ್ಕದ ವೆಲ್ಡಿಂಗ್ ಶಾಪಿಗೆ ಹೊತ್ತುಕೊಂಡು ಓಡಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯುತ್ತದೆ. ಇನ್ನೊಂದು ಹಳೇ ಟ್ಯಾಂಕ್ ಹುಡುಕಿ ಹಾಕಿಸಿ. ಈಗ ನಿಮ್ಮ ಗಾಡಿಯಲ್ಲಿ ಡೀಸೆಲ್ ಎಷ್ಟಿದೆ, ಮುಳ್ಳು ಕೆಲಸ ಮಾಡುತ್ತಿದೆಯಾ, ಇವೆರಡನ್ನು ನೋಡಿ ಬರೆಯಿರಿ.