ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದೇವೆ, ವಿಮೆ ಸಿಗುತ್ತಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಹಳೇ ಹಂಚಿನ ಮನೆ. ಅಪ್ಪ ಹೋದ ಮೇಲೆ ಅಮ್ಮನನ್ನು ನಮ್ಮ ಜೊತೆಗೇ ಕರೆದುಕೊಂಡು ಬಂದೆವು. ಎರಡು ವರ್ಷದಿಂದ ಮನೆಗೆ ಬೀಗ. ದೀಪಾವಳಿಗೆ, ಕಾಫಿ ಕೊಯ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇವೆ, ಅಷ್ಟೇ. ಹೋದ ಮಳೆಗಾಲದಲ್ಲಿ ಸಿಲ್ವರ್ ಮರ ಬಿದ್ದು ಅಡುಗೆಮನೆ ಮೇಲಿನ ಹಂಚೆಲ್ಲ ಪುಡಿಯಾಯಿತು. ಈಗ ವಿಮೆ ಮಾಡಿಸೋಣ ಅಂದರೆ ಏಜೆಂಟರು, "ಖಾಲಿ ಮನೆ ಅಂತ ಬರೆಯೋದು ಬೇಡ ಸಾರ್, ನೀವೇ ವಾಸ ಇದ್ದೀರಿ ಅಂತ ಹಾಕೋಣ, ಬೇಗ ಆಗುತ್ತೆ" ಅಂತಾರೆ. ಹಾಗೆ ಮಾಡಬಹುದಾ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಬೇಡ. ದಯವಿಟ್ಟು ಹಾಗೆ ಬರೆಸಬೇಡಿ. ಖಾಲಿ ಮನೆಗೆ ವಿಮೆ ಇಲ್ಲ ಅನ್ನುವುದು ತಪ್ಪು ತಿಳಿವಳಿಕೆ. ವಿಮೆ ಸಿಗುತ್ತದೆ. ಆದರೆ ಖಾಲಿ ಇದೆ ಅನ್ನುವುದನ್ನು ಮುಚ್ಚಿಟ್ಟು ಮಾಡಿಸಿದ ವಿಮೆ ಕಷ್ಟದ ದಿನ ಕೈಗೆ ಬರುವುದಿಲ್ಲ.

ನನಗೆ ಗೊತ್ತಿರುವ ಒಂದು ಕುಟುಂಬದ ಕತೆ ಹೇಳುತ್ತೇನೆ. ಹಾಸನದ ಬಡಾವಣೆಯೊಂದರಲ್ಲಿ ಮನೆ, ಮಗಳ ಬಾಣಂತನಕ್ಕೆ ಅಂತ ಹೋದವರು ಎಂಟು ತಿಂಗಳು ವಾಪಸ್ ಬರಲಿಲ್ಲ. ಕಳ್ಳರು ಹಿಂದಿನ ಬಾಗಿಲು ಒಡೆದರು. ಹಾನಿ ಲೆಕ್ಕ ಹಾಕಲು ವಿಮಾ ಕಂಪನಿ ಕಡೆಯಿಂದ ಬಂದ ಸರ್ವೇಯರ್ ಬಾಗಿಲು ನೋಡುವ ಮೊದಲೇ ಕರೆಂಟ್ ಬಿಲ್ ಕೇಳಿದರು. ಐದು ತಿಂಗಳು ಸೊನ್ನೆ ಯೂನಿಟ್. ಅರ್ಜಿಯಲ್ಲಿ ವಾಸ ಇದ್ದೇವೆ ಅಂತ ಬರೆದಿತ್ತು. ಕ್ಲೇಮ್ ತಿರಸ್ಕಾರ ಆಯಿತು. ಆ ಅರ್ಜಿ ತುಂಬಿದ್ದು ಏಜೆಂಟ್, ಸಹಿ ಮಾತ್ರ ಮನೆಯವರದ್ದು. ಜವಾಬ್ದಾರಿ ಸಹಿ ಹಾಕಿದವರದ್ದೇ ಅಲ್ವಾ?

30 ದಿನ ಅನ್ನುವ ಸಂಖ್ಯೆ ನೆನಪಿಡಿ. ಬೆಂಕಿ ವಿಮೆಯ ಹಳೇ ಸ್ಟ್ಯಾಂಡರ್ಡ್ ಪಾಲಿಸಿಯಲ್ಲೇ ಈ ಷರತ್ತು ಇತ್ತು. ಕಟ್ಟಡ 30 ದಿನಕ್ಕಿಂತ ಜಾಸ್ತಿ ಖಾಲಿ ಬಿದ್ದರೆ, ಅದಕ್ಕೆ ಕಂಪನಿಯ ಒಪ್ಪಿಗೆಯನ್ನು ಮೊದಲೇ ಪಾಲಿಸಿಯಲ್ಲಿ ಬರೆಸಿಕೊಂಡಿಲ್ಲದಿದ್ದರೆ, ಕವರ್ ನಿಂತುಹೋಗುತ್ತದೆ. ಕಳ್ಳತನದ ಕವರ್‌ನಲ್ಲಿ ಇಂಥ ಷರತ್ತು ಇವತ್ತಿಗೂ ಸಾಮಾನ್ಯ. ಆ ಒಪ್ಪಿಗೆ ಬರೆಸಿಕೊಳ್ಳುವುದಕ್ಕೆ ಎಂಡಾರ್ಸ್‌ಮೆಂಟ್ ಅನ್ನುತ್ತಾರೆ. ನೀವು ಕಂಪನಿಗೆ ಒಂದು ಮೇಲ್ ಹಾಕಿ: ಮನೆಯಲ್ಲಿ ಯಾರೂ ಕಾಯಂ ವಾಸ ಇಲ್ಲ, ವರ್ಷಕ್ಕೆ ಇಷ್ಟು ಸಲ ಬರುತ್ತೇವೆ, ಪಕ್ಕದ ಮನೆಯವರು ವಾರಕ್ಕೊಮ್ಮೆ ನೋಡುತ್ತಾರೆ, ಇದನ್ನು ಪಾಲಿಸಿಯಲ್ಲಿ ನಮೂದಿಸಿ ಅಂತ. ಪ್ರೀಮಿಯಂ ಸ್ವಲ್ಪ ಜಾಸ್ತಿ ಕೇಳಬಹುದು, ಕಳ್ಳತನದ ಭಾಗ ಕೊಡುವುದಿಲ್ಲ ಅನ್ನಬಹುದು, ಕೆಲವರು ಆಗುವುದೇ ಇಲ್ಲ ಅಂತಲೂ ಹೇಳಬಹುದು. ಹಾಗಂದರೆ ಇನ್ನೊಂದು ಕಂಪನಿ ಕೇಳಿ. ಫೋನಿನಲ್ಲಿ "ಓಕೆ ಸಾರ್" ಅಂದದ್ದು ಲೆಕ್ಕಕ್ಕಿಲ್ಲ. ಪಾಲಿಸಿ ಕಾಗದದಲ್ಲಿ ಬರಬೇಕು.

ಯಾವ ಪಾಲಿಸಿ ಅಂತ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಅನ್ನುವ ಒಂದೇ ಮಾದರಿಯ ಪಾಲಿಸಿ ಜಾರಿಯಲ್ಲಿದೆ, ವಿಮಾ ನಿಯಂತ್ರಣ ಪ್ರಾಧಿಕಾರದ್ದು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ಮರ ಬೀಳುವುದು ಎಲ್ಲ ಅದರಲ್ಲಿ ಸೇರಿದೆ. 2019ರ ಆಗಸ್ಟ್‌ನಲ್ಲಿ ನಿಮ್ಮ ತಾಲ್ಲೂಕಿನಲ್ಲೇ ಗುಡ್ಡ ಕುಸಿದು ಮನೆ ತೋಟ ಹೋದದ್ದನ್ನು ನೀವು ಮರೆತಿರಲಾರಿರಿ, ಅದಕ್ಕೇ ಭೂಕುಸಿತ ಅನ್ನುವ ಪದ ನಿಮ್ಮ ಪಾಲಿಸಿಯಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ. ಆಲೂರು, ಸಕಲೇಶಪುರದ ಕಡೆಯವರು ಕಾಡಾನೆ ಬಗ್ಗೆ ಕೇಳುತ್ತಾರೆ. ಹೊರಗಿನ ವಸ್ತು ಬಡಿದು ಆಗುವ ಹಾನಿ ಅಂತ ಇದೆ, ವಾಹನ, ಮರ, ಗೋಡೆಯ ಉದಾಹರಣೆ ಇದೆ, ಆನೆಯ ಹೆಸರಿಲ್ಲ. ಹಾಗಾಗಿ ಆನೆ ಗೋಡೆ ಕೆಡವಿದರೆ ಕೊಡುತ್ತೀರಾ ಅಂತ ಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಎಷ್ಟಕ್ಕೆ ವಿಮೆ ಮಾಡಿಸಬೇಕು ಅನ್ನುವಲ್ಲಿ ತುಂಬ ಜನ ಜಾಗದ ಬೆಲೆ ಸೇರಿಸುತ್ತಾರೆ. ಜಾಗ ಎಲ್ಲಿಗೂ ಹೋಗುವುದಿಲ್ಲ. ಮನೆಯನ್ನು ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟೇ ಲೆಕ್ಕ. 1,400 ಚದರಡಿ, ಅಡಿಗೆ 2,000 ರೂಪಾಯಿ ಅಂತ ಹಿಡಿದರೆ 28 ಲಕ್ಷ. ಕಟ್ಟಡದ ಜೊತೆಗೆ ಸಾಮಾನಿಗೂ 20% ತನಕ, ಗರಿಷ್ಠ 10 ಲಕ್ಷದವರೆಗೆ, ಪಟ್ಟಿ ಕೊಡದೇ ಕವರ್ ಸಿಗುತ್ತದೆ, ಅಂದರೆ ಇಲ್ಲಿ 5.6 ಲಕ್ಷ. ಒಡವೆ ಅದರಲ್ಲಿ ಬರುವುದಿಲ್ಲ, ಬೀಗ ಹಾಕಿದ ಮನೆಯಲ್ಲಿ ಒಡವೆ ಇಡಲೂಬೇಡಿ. ಮಣ್ಣಿನ ಗೋಡೆ, ಹಂಚಿನ ಮಾಡು ಅನ್ನುವುದನ್ನೂ ಇದ್ದ ಹಾಗೆ ಬರೆಸಿ.

ಈಗ ಎಲ್ಲರೂ ಎಡವುವ ಜಾಗ. ಗೃಹ ರಕ್ಷಾದಲ್ಲಿ ಸಾಮಾನ್ಯ ಕಳ್ಳತನ ಇಲ್ಲ. ಬೆಂಕಿಯೋ ನೆರೆಯೋ ಆಗಿ, ಅದರಿಂದಾಗಿ 7 ದಿನದೊಳಗೆ ಕಳುವಾದರೆ ಮಾತ್ರ ಇದೆ. ಅಟ್ಟದ ಮೇಲಿನ ತಾಮ್ರದ ಹಂಡೆ, ದೇವರ ಮನೆಯ ದೀಪ ಹೋದರೆ ಬೇಕು ಅನ್ನುವುದಾದರೆ ಕಳ್ಳತನದ ಕವರ್ ಬೇರೆ ತೆಗೆದುಕೊಳ್ಳಬೇಕು. ಅದರಲ್ಲೂ ಬಾಗಿಲು, ಕಿಟಕಿ, ಹಂಚು ಏನಾದರೂ ಒಡೆದು ನುಗ್ಗಿರಬೇಕು ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಹಾಗೆ ಬರೆದಿದ್ದರೆ ಬಲವಂತದ ಗುರುತು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ನಮ್ಮ ಕಡೆ ಕೀಯನ್ನು ಹೂಕುಂಡದ ಕೆಳಗೋ ಜಗುಲಿ ಮೇಲಿನ ಹಂಚಿನ ಸಂದಿಯಲ್ಲೋ ಇಡುವ ಅಭ್ಯಾಸ. ಆ ಕೀ ತೆಗೆದು ಬೀಗ ತೆರೆದು ಕದ್ದರೆ ಒಡೆದ ಗುರುತೇ ಇರುವುದಿಲ್ಲ. ಕೀ ಪಕ್ಕದ ಮನೆಯವರ ಕೈಯಲ್ಲೇ ಇರಲಿ.

ಗೆದ್ದಲು ತಿಂದ ತೊಲೆ, ವರ್ಷ ವರ್ಷ ಸೋರಿ ಕೊಳೆತ ರೀಪು, ಇವಕ್ಕೆ ಯಾರೂ ಹಣ ಕೊಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಲ ಹೋಗಿ ಹಂಚು ಕೈಯಾಡಿಸಿ, ಮನೆಗೆ ಬಾಗಿದ ಮರದ ಕೊಂಬೆ ಕಡಿಸಿ, ಮೇನ್ ಸ್ವಿಚ್ ಆಫ್ ಮಾಡಿ, ಗ್ಯಾಸ್ ಸಿಲಿಂಡರ್ ಬಿಚ್ಚಿಡಿ. ಪ್ರತಿ ಕೋಣೆಯ ಫೋಟೋ ತೆಗೆಯಿರಿ, ದಿನಾಂಕ ಇರಲಿ. ಹತ್ತಿರದ ಪೊಲೀಸ್ ಠಾಣೆಗೂ ಮನೆ ಬೀಗ ಹಾಕಿದೆ ಅಂತ ತಿಳಿಸಿ, ಬೀಟ್‌ನವರು ಒಂದು ಕಣ್ಣಿಡುತ್ತಾರೆ.

ಕೊನೆಗೊಂದು ಮಾತು. ಮನೆ ಇನ್ನೂ ಅಪ್ಪನ ಹೆಸರಲ್ಲೇ ಇದೆಯಾ? ಇದ್ದರೆ ಖಾತೆ ಬದಲಾವಣೆ ಈಗಲೇ ಶುರು ಮಾಡಿ. ವಂಶವೃಕ್ಷ, ಮರಣ ಪತ್ರ ತೆಗೆದಿಡಿ. ಮನೆಯಲ್ಲಿ ಹಕ್ಕು ಯಾರಿಗಿದೆ ಅನ್ನುವುದು ಕ್ಲೇಮ್ ಹೊತ್ತಿನಲ್ಲಿ ಬಂದೇ ಬರುವ ಪ್ರಶ್ನೆ.

ಪ್ರಶ್ನೆ: ಆಲ್ದೂರಿನಲ್ಲಿರುವ ನಮ್ಮ ಹಳೇ ಮನೆಯಲ್ಲಿ ಯಾರೂ ಇಲ್ಲ, ನಡುಮನೆಯಲ್ಲಿ ಕಾಫಿ ಮೂಟೆ ಇಡುತ್ತೇವೆ. ಮನೆ ವಿಮೆಯಲ್ಲಿ ಅದೂ ಸೇರುತ್ತಾ?
– ಒಬ್ಬ ಬೆಳೆಗಾರರು

ಉತ್ತರ: ಸೇರುವುದಿಲ್ಲ. ಮನೆ ವಿಮೆ ಇರುವುದು ವಾಸದ ಮನೆಗೆ, ಮನೆ ಬಳಕೆಯ ಸಾಮಾನಿಗೆ. ಮಾರುವ ಮಾಲು ವ್ಯಾಪಾರದ ಸರಕು. ಅದಕ್ಕೆ ಬೇರೆ ಪಾಲಿಸಿ ಇದೆ, ಒಟ್ಟು ಮೌಲ್ಯ 5 ಕೋಟಿಯೊಳಗಿನ ಸಣ್ಣ ಉದ್ಯಮಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಅದನ್ನು ವಿಚಾರಿಸಿ. ಮನೆಯನ್ನು ಗೋದಾಮಿನ ಹಾಗೆ ಬಳಸುತ್ತಿರುವುದನ್ನೂ ಮನೆ ವಿಮೆ ಕಂಪನಿಗೆ ಹೇಳಲೇಬೇಕು, ಇಲ್ಲದಿದ್ದರೆ ಕಟ್ಟಡದ ಕ್ಲೇಮಿಗೂ ತೊಂದರೆ. ವಾರಾಂತ್ಯಕ್ಕೆ ಹೋಂಸ್ಟೇ ಕೊಡುವವರಿಗೂ ಇದೇ ಮಾತು.

ಪ್ರಶ್ನೆ: ಮನೆ ಖಾಲಿ ಇತ್ತು ಅಂತ ನಮ್ಮ ಕ್ಲೇಮ್ ತಳ್ಳಿಹಾಕಿದ್ದಾರೆ. ನಾವು ಖಾಲಿ ಇದೆ ಅಂತ ಮೊದಲೇ ಮೇಲ್ ಮಾಡಿದ್ದೆವು. ಈಗ ವಕೀಲರನ್ನು ಹಿಡಿಯಬೇಕಾ?
– ಓದುಗರು, ಹಾಸನ

ಉತ್ತರ: ಮೊದಲು ಬೇಡ. ಆ ಮೇಲ್ ಪ್ರಿಂಟ್ ಹಾಕಿ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನ ಕೊಡುವ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಿ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷದವರೆಗಿನ ವಿವಾದ ಅಲ್ಲಿ ಕೇಳುತ್ತಾರೆ. ಕಂಪನಿ ಆಗುವುದಿಲ್ಲ ಅಂದ ಒಂದು ವರ್ಷದೊಳಗೆ ದೂರು ಕೊಡಬೇಕು, ಆ ತಾರೀಕು ಇವತ್ತೇ ನೋಡಿ. ನಿಮ್ಮ ಕೈಯಲ್ಲಿ ಆ ಮೇಲ್ ಇದೆ ಅನ್ನುವುದೇ ನನಗೆ ಸಮಾಧಾನ. ಏನಾಯಿತು ಅಂತ ನಮಗೂ ಬರೆದು ತಿಳಿಸಿ.