ಶಿಮ್ಲಾದ ಚಳಿಯಲ್ಲಿ ಬಾಣಂತಿ ಕೋಣೆ

ಪ್ರಶ್ನೆ: ಮಗಳು, ಅಳಿಯ ಶಿಮ್ಲಾದಲ್ಲಿದ್ದಾರೆ. ಮಗಳಿಗೆ ಅಲ್ಲೇ ಹೆರಿಗೆಯಾಗಿ ಇಪ್ಪತ್ತು ದಿನವಾಯಿತು. ಫೆಬ್ರವರಿ ಕೊನೆಗೆ ಬಾಣಂತನಕ್ಕೆ ಹೊರಟಿದ್ದೇನೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಹೋಗುತ್ತದಲ್ಲ, ಅಲ್ಲೂ ಹಾಗೇನಾ? ನಮ್ಮಲ್ಲಿ ಇಡುವಂತೆ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಕ್ಕಾ, ಎರಡನೆಯದಕ್ಕೇ ಮೊದಲು ಹೇಳಿಬಿಡುತ್ತೇನೆ. ಇಡಬೇಡಿ. ಒಂದು ರಾತ್ರಿಗೂ ಬೇಡ.

ನಾನು ಸಾಗರದ ಕಡೆಯವಳು, ಶಿಮ್ಲಾಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ನನ್ನ ಮಗಳು ಹುಟ್ಟಿದ ವರ್ಷ ಇದೇ ಫೆಬ್ರವರಿ ಕೊನೆಯಲ್ಲಿ ಎರಡು ದಿನ ಹಿಮ ಸುರಿದು ಕರೆಂಟ್ ಹೋಯಿತು. ಒದ್ದೆ ಹಿಮದ ಭಾರಕ್ಕೆ ದೇವದಾರು ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದು ಇಲ್ಲಿ ಮಾಮೂಲು. ಕೂಸಿಗೆ ಆಗ ನಲವತ್ತು ದಿನ. ಬಾಣಂತನಕ್ಕೆ ಬಂದಿದ್ದ ಅಮ್ಮ ಹೊರಗೇ ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಆದ ಮೇಲೆ ಅಂಗೀಠಿಯನ್ನು, ಅಂದರೆ ಇಲ್ಲಿಯ ಅಗ್ಗಿಷ್ಟಿಕೆಯನ್ನು, ಒಳಗೆ ತಂದಿಟ್ಟಳು. ಕಿಟಕಿ ಸಂದಿಗೆ ನಾನೇ ಹಳೇ ಪೇಪರ್ ತುರುಕಿದ್ದೆ. ನಡುರಾತ್ರಿ ಎಚ್ಚರವಾದರೆ ತಲೆ ಸಿಡಿಯುವಂಥ ನೋವು, ಓಕರಿಕೆ. ಎದ್ದು ನಿಲ್ಲೋಣವೆಂದರೆ ಕಾಲಿಗೆ ಶಕ್ತಿಯಿಲ್ಲ. ಅಮ್ಮನನ್ನು ಕರೆದೆ, ಓಗೊಡಲಿಲ್ಲ. ಕೂಸನ್ನು ಎಳೆದುಕೊಂಡು ತೆವಳಿ ಬಾಗಿಲು ತೆರೆದೆ. ತಣ್ಣನೆ ಗಾಳಿ ಬಡಿದು ಕೂಸು ಅತ್ತ ಮೇಲೆ ನನಗೆ ಉಸಿರು ಬಂದಂತಾಯಿತು. ಅಮ್ಮ ಎಚ್ಚರಗೊಳ್ಳಲು ಎಷ್ಟು ಹೊತ್ತು ಹಿಡಿಯಿತೋ, ಆ ಹೊತ್ತು ಇವತ್ತಿಗೂ ನನ್ನ ಎದೆಯಲ್ಲಿದೆ.

ಹೊಗೆ ಕಾಣದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಮ್ಮಜ್ಜಿಯ ಮನೆಯಲ್ಲಿ ತಲೆತಲಾಂತರದಿಂದ ಅಗ್ಗಿಷ್ಟಿಕೆ ಇಟ್ಟಿದ್ದಾರಲ್ಲ ಎಂದು ನೀವು ಕೇಳಬಹುದು, ಅಮ್ಮನೂ ಕೇಳಿದಳು. ಆ ಮನೆಗೆ ನಾಡಹೆಂಚು, ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಇಲ್ಲಿ ಚಳಿಗೆ ಹೆದರಿ ಗಾಳಿಯ ಒಂದೊಂದು ದಾರಿಯನ್ನೂ ಮುಚ್ಚಿರುತ್ತೇವೆ. ಸಾಂಬ್ರಾಣಿ ಹೊಗೆಯೂ ಬೇಡ ಅಕ್ಕಾ, ಎಳೆ ಶ್ವಾಸಕೋಶ ಅದನ್ನು ತಾಳುವುದಿಲ್ಲ.

ಎಣ್ಣೆ ತುಂಬಿದ ಕರೆಂಟ್ ಹೀಟರ್ ಕೊಳ್ಳಲು ಅಳಿಯನಿಗೆ ಹೇಳಿ. ಮನೆಯಲ್ಲಿ ತಂದೂರ್ (ಕೋಣೆ ಬೆಚ್ಚಗಿಡಲು ಕಟ್ಟಿಗೆ ಉರಿಸುವ, ಹೊಗೆಕೊಳವೆಯ) ಒಲೆ ಇದ್ದರೆ ಅದರ ಕೊಳವೆ ಮನೆಯಿಂದ ಹೊರಕ್ಕೆ ಹೋಗಿದೆಯೇ, ಮಸಿ ಕಟ್ಟಿಲ್ಲವೇ ನೋಡಿಸಿ. ಆಗಲೂ ಕಿಟಕಿ ಎರಡು ಬೆರಳಷ್ಟು ತೆರೆದಿರಲಿ, ಮಲಗುವಾಗ ಬೆಂಕಿ ಆರಿರಲಿ. ಕರೆಂಟ್ ಹೋದರೆ ಮಗುವನ್ನು ತಾಯಿಯ ಬರೀ ಎದೆಗೆ ಒರಗಿಸಿ ಮೇಲಿನಿಂದ ಶಾಲು ಸುತ್ತಿ, ಮುಖ ಮಾತ್ರ ತೆರೆದಿರಲಿ. ಅಷ್ಟು ಹದವಾದ ಬಿಸಿ ಬೇರೆ ಯಾವುದರಿಂದಲೂ ಸಿಗದು. ಆಗ ತಾಯಿ ನಿದ್ದೆಗೆ ಜಾರದಂತೆ ನೀವು ಪಕ್ಕದಲ್ಲಿರಿ. ಮಗುವಿನ ಮೇಲೆ ಭಾರದ ರಜಾಯಿ ಹೊದಿಸಬೇಡಿ. ಎಣ್ಣೆ-ನೀರು ದಿನಾ ಬೇಕಿಲ್ಲ. ಬಿಸಿಲಿದ್ದ ದಿನ ನಡುಮಧ್ಯಾಹ್ನ ಸಾಕು.

ಇನ್ನು ಶಿವರಾತ್ರಿಯ ಮಾತು. ಶಿಮ್ಲಾ ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ಬರುವ ಪಶ್ಚಿಮದ ಮಾರುತಗಳು ಮಾರ್ಚ್‌ನಲ್ಲೂ ಬರುತ್ತವೆ, ಬಂದರೆ ಹಿಮ ಬೀಳಬಹುದು. ಹಿಮ ಬೀಳುವಾಗ ಅಷ್ಟು ಕಷ್ಟವಿಲ್ಲ, ಹಗಲು ಕರಗಿ ರಾತ್ರಿ ಗಾಜಿನಂತೆ ಗಟ್ಟಿಯಾಗುವಾಗಲೇ ಅಪಾಯ. ಲಕ್ಕಡ್ ಬಜಾರ್‌ನಂಥ ನೆರಳಿನ ಬದಿಯಲ್ಲಿ ಬೆಳಿಗ್ಗೆ ಹತ್ತರ ತನಕ ಕಾಲಿಡಬೇಡಿ. ಹೋಗಲೇಬೇಕಾದರೆ ಬೂಟಿನ ಮೇಲೆ ಹಳೇ ಉಣ್ಣೆ ಕಾಲುಚೀಲ ಎಳೆದುಕೊಳ್ಳಿ, ಜಾರುವುದು ಕಡಿಮೆ.

ತರುವ ಕೊಬ್ಬರಿ ಎಣ್ಣೆ ಅಗಲ ಬಾಯಿಯ ಡಬ್ಬಿಯಲ್ಲಿರಲಿ, ಇಲ್ಲಿ ಅದನ್ನು ಚಮಚದಲ್ಲಿ ಕೆರೆದೇ ತೆಗೆಯಬೇಕು. ಅನ್ನ ಕುಕ್ಕರಿನಲ್ಲೇ ಮಾಡಿ. ನೀರು ಸುಮಾರು 93 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅಕ್ಕಿ ಬೇಯಲು ಬಹಳ ಹೊತ್ತು ಬೇಕು.

ನೀವು ಹೊರಡಲು ಇನ್ನೂ ದಿನಗಳಿವೆ. ಈ ಪತ್ರಿಕೆ ಕೈಗೆ ಬಂದ ಕೂಡಲೇ ಮಗಳಿಗೆ ಫೋನ್ ಮಾಡಿ, ಅವಳ ಕೋಣೆಯಲ್ಲಿ ರಾತ್ರಿ ಏನು ಉರಿಯುತ್ತಿದೆ ಕೇಳಿ.