ಆನ್‌ಲೈನ್‌ನಲ್ಲಿ ಸೀರೆ ಮಾರಬೇಕು ಅಂತಿದ್ದೇನೆ. ಸರ್ಕಾರದ ಪ್ರೋತ್ಸಾಹ ಅನ್ನೋದು ನಿಜವಾಗಿ ಸಿಗುತ್ತಾ?

ನಿಮ್ಮದು ಡಿಗ್ರಿ ಮುಗಿದಿದೆ, ಮಗ್ಗದವರ ಪರಿಚಯ ಇದೆ, ಊರಲ್ಲೇ ಕೂತು ಸೀರೆ ಮಾರುವ ಆಸೆ ಇದೆ ಎಂದು ಬರೆದಿದ್ದೀರಿ. ಇ-ಕಾಮರ್ಸ್ ಬೆಳೆಸುತ್ತೇವೆ ಎಂದು ಸರ್ಕಾರ ಹೇಳುತ್ತಲೇ ಇದೆ, ಅದರಲ್ಲಿ ನಿಮ್ಮಂಥವರಿಗೆ ಏನಿದೆ ಎಂಬುದು ಪ್ರಶ್ನೆ, ಅಲ್ವಾ?

ಇದೆ. ಆದರೆ ನಮ್ಮ ರಾಜ್ಯದ ಗಡಿವರೆಗೆ ಮಾತ್ರ. ಯಾಕೆ ಹೀಗೆ ಹೇಳುತ್ತೇನೆ ಎಂದರೆ, ನಾನು 2018ರಿಂದ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ.

ನಾನು ಶುರು ಮಾಡಿದಾಗ ನಿಯಮ ವಿಚಿತ್ರವಾಗಿತ್ತು. ಬೀದಿಯಲ್ಲಿ ಅಂಗಡಿ ಇಟ್ಟವರಿಗೆ ವರ್ಷದ ವಹಿವಾಟು ಇಂತಿಷ್ಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿರಲಿಲ್ಲ. ಅದೇ ಸೀರೆಯನ್ನು ಆನ್‌ಲೈನ್ ಪ್ಲಾಟ್‌ಫಾರ್ಮ್‌ನಲ್ಲಿ ಇಟ್ಟರೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಒಂದೂ ಸೀರೆ ಹೋಗದ ತಿಂಗಳಲ್ಲೂ ಜಿಎಸ್‌ಟಿ ರಿಟರ್ನ್ ಹಾಕಬೇಕು. ಮರೆತರೆ ದಿನಕ್ಕೆ 20 ರೂಪಾಯಿ ಲೇಟ್ ಫೀ. ಮೊದಲ ವರ್ಷ ನನ್ನ ಕೈಗೆ ಉಳಿದಿದ್ದಕ್ಕಿಂತ ಆಡಿಟರ್‌ಗೆ ಹೋಗಿದ್ದೇ ಜಾಸ್ತಿ.

ಇದು ಬದಲಾಗಿದ್ದು 2023ರ ಅಕ್ಟೋಬರ್ 1ರಿಂದ. ಈಗ ವಹಿವಾಟು ಮಿತಿಯೊಳಗಿದ್ದರೆ (ನಮ್ಮಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ) ನೋಂದಣಿ ಇಲ್ಲದೆಯೇ ಪ್ಲಾಟ್‌ಫಾರ್ಮ್‌ನಲ್ಲಿ ಮಾರಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಂಡರೆ ಸಾಕು. ನನ್ನ ಪ್ರಕಾರ ಇಷ್ಟು ವರ್ಷಗಳಲ್ಲಿ ಸಣ್ಣ ವ್ಯಾಪಾರಿಗೆ ಸಿಕ್ಕ ದೊಡ್ಡ ಸಹಾಯ ಇದೇ. ಯಾವ ಮಂತ್ರಿಯೂ ಇದರ ಬಗ್ಗೆ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ.

ಆದರೆ ಷರತ್ತು ನೋಡಿ. ಸರಕು ರಾಜ್ಯದ ಒಳಗೇ ಮಾರಾಟವಾಗಬೇಕು. ಇಳಕಲ್ ಸೀರೆ ಉಡುವವರು ಎಲ್ಲಿದ್ದಾರೆ? ಬಾಗಲಕೋಟೆ, ವಿಜಯಪುರ, ಧಾರವಾಡದಲ್ಲಿ ಇದ್ದಾರೆ, ನಿಜ. ಅಷ್ಟೇ ಜನ ಸೊಲ್ಲಾಪುರ, ಕೊಲ್ಲಾಪುರ, ಪುಣೆಯಲ್ಲೂ ಇದ್ದಾರೆ. ಅಲ್ಲಿ ಇದಕ್ಕೆ 'ಇರ್ಕಲ್' ಎನ್ನುತ್ತಾರೆ. ಸೊಲ್ಲಾಪುರದ ಒಬ್ಬ ಅಕ್ಕ ಬಸ್ ಹತ್ತಿ ಇಳಕಲ್‌ಗೆ ಬಂದು, ಅಂಗಡಿ ಗಾದಿ ಮೇಲೆ ಕೂತು ಟೋಪ ತೆನಿ ಸೆರಗಿನ ಸೀರೆ ಕೊಂಡರೆ ಅದು ರಾಜ್ಯದೊಳಗಿನ ವ್ಯಾಪಾರ. ಅವರು ಮನೆಯಲ್ಲೇ ಕೂತು ಪ್ಲಾಟ್‌ಫಾರ್ಮ್‌ನಿಂದ ಅದೇ ಸೀರೆ ತರಿಸಿದರೆ, ಕಳಿಸುವವನಿಗೆ ನೋಂದಣಿ ಬೇಕು. ನಾನು ಇದನ್ನು ನಮ್ಮ ಓಣಿಯ ನೇಕಾರ ಕಾಕಾಗೆ ವಿವರಿಸಿದಾಗ ಅವರು ಲಾಳಿ ನಿಲ್ಲಿಸಿ ಕೇಳಿದ್ದು ಒಂದೇ ಮಾತು: "ಗಡಿ ದಾಟಿದ್ರ ಸೀರಿ ಬ್ಯಾರೆ ಆಗತೈತೇನೋ ತಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ದೇಶಕ್ಕೆಲ್ಲ ಒಂದೇ ಮಾರುಕಟ್ಟೆ ಎಂದು ಹೇಳಿ ತಂದ ತೆರಿಗೆ ಇದು.

ಇನ್ನು ಕಡಿತದ ವಿಷಯ. ನೋಂದಣಿ ಮಾಡಿಸಿಕೊಂಡ ಮೇಲೆ, ನಿಮ್ಮ ದುಡ್ಡು ಕೊಡುವ ಮೊದಲೇ ಪ್ಲಾಟ್‌ಫಾರ್ಮ್ ಎರಡು ಕಡೆ ತೆರಿಗೆ ಹಿಡಿಯುತ್ತದೆ. ಜಿಎಸ್‌ಟಿ ಕಡೆಯಿಂದ ಟಿಸಿಎಸ್, ಆದಾಯ ತೆರಿಗೆ ಕಡೆಯಿಂದ ಟಿಡಿಎಸ್. ಮೊದಲು ಎರಡೂ ನೂರಕ್ಕೆ ಒಂದೊಂದು ರೂಪಾಯಿ ಇತ್ತು. 2024ರ ಜುಲೈನಲ್ಲಿ ಟಿಸಿಎಸ್ ಅರ್ಧ ರೂಪಾಯಿಗೆ ಇಳಿಯಿತು, ಅಕ್ಟೋಬರ್‌ನಲ್ಲಿ ಟಿಡಿಎಸ್ ಹತ್ತು ಪೈಸೆಗೆ. 2,000 ರೂಪಾಯಿ ಸೀರೆಗೆ ಮೊದಲು 40 ರೂಪಾಯಿ ಹೋಗುತ್ತಿತ್ತು, ಈಗ 12. ಈ ದುಡ್ಡು ಕೊನೆಗೆ ಲೆಕ್ಕದಲ್ಲಿ ವಾಪಸ್ ಸಿಗುತ್ತದೆ, ಒಪ್ಪುತ್ತೇನೆ. ಆದರೆ ನೇಕಾರನಿಗೆ ಶನಿವಾರ ಕೂಲಿ ಕೊಡಬೇಕಾದವನಿಗೆ ಸಿಕ್ಕಿಹಾಕಿಕೊಂಡ 40 ರೂಪಾಯಿಯೂ ದುಡ್ಡೇ. ವರ್ಷಕ್ಕೆ 5 ಲಕ್ಷದೊಳಗೆ ಮಾರುವ ವ್ಯಕ್ತಿ ಪಾನ್ ಅಥವಾ ಆಧಾರ್ ಕೊಟ್ಟಿದ್ದರೆ ಟಿಡಿಎಸ್ ಹಿಡಿಯುವ ಹಾಗಿಲ್ಲ, ಇದು ನೆನಪಿರಲಿ.

ವಿದೇಶಿ ಬಂಡವಾಳದ ನಿಯಮದ ಬಗ್ಗೆ ಟಿವಿಯಲ್ಲಿ ಜಾಸ್ತಿ ಚರ್ಚೆ ಆಗುತ್ತದೆ. ಅದನ್ನು ನಮ್ಮ ಸಂತೆ ಭಾಷೆಯಲ್ಲಿ ಹೇಳಬಹುದು: ಸಂತೆ ಸುಂಕದ ಗುತ್ತಿಗೆ ಹಿಡಿದವನು ಸಂತೆಯಲ್ಲಿ ತಾನೇ ಅಂಗಡಿ ಹಾಕಬಾರದು. 2016ರಲ್ಲಿ ಮಾರುಕಟ್ಟೆ ಜಾಗ ಮಾತ್ರ ಒದಗಿಸುವ ಕಂಪನಿಗಳಿಗೆ ಪೂರ್ತಿ ವಿದೇಶಿ ಬಂಡವಾಳಕ್ಕೆ ದಾರಿ ಬಿಟ್ಟರು, ಸ್ವಂತ ಸರಕು ಇಟ್ಟು ಮಾರುವುದಕ್ಕೆ ಬಿಡಲಿಲ್ಲ. 2019ರ ಫೆಬ್ರವರಿಯಿಂದ, ಪ್ಲಾಟ್‌ಫಾರ್ಮ್‌ನ ಪಾಲು ಇರುವ ಕಂಪನಿಯೂ ಅಲ್ಲಿ ಮಾರುವಂತಿಲ್ಲ ಎಂದು ಬಿಗಿ ಮಾಡಿದರು. ಅದೇ ತಿಂಗಳು ರಾಷ್ಟ್ರೀಯ ಇ-ಕಾಮರ್ಸ್ ನೀತಿ ಅಂತ ಒಂದು ಕರಡು ಬಂತು. ಅದು ಕರಡಾಗಿಯೇ ಉಳಿಯಿತು. ಇದೆಲ್ಲದರಿಂದ ನನ್ನ ಸೀರೆ ಹುಡುಕಾಟದ ಪುಟದಲ್ಲಿ ಒಂದು ಸಾಲೂ ಮೇಲೆ ಬಂದಿಲ್ಲ. ಅಲ್ಲಿ ಮೊದಲು ಕಾಣುವುದು 'ಇಳಕಲ್' ಹೆಸರಿನ 500 ರೂಪಾಯಿಯ ಪವರ್‌ಲೂಮ್ ಸೀರೆ. ಇಳಕಲ್ ಸೀರೆಗೆ ಜಿಐ ಟ್ಯಾಗ್ (ಆ ಊರಿನ ಅಸಲಿ ಸರಕು ಎಂಬ ಕಾನೂನಿನ ಗುರುತು) ಇದೆ. ಆ ಪುಟದಲ್ಲಿ ಅದನ್ನು ಕೇಳುವವರಿಲ್ಲ.

ಗ್ರಾಹಕರಿಗೆ ಮಾತ್ರ ಒಳ್ಳೆಯ ನಿಯಮ ಬಂದಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಗ್ರಾಹಕರ ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಬೇಕಾದದ್ದೇ. ಆದರೆ ಮಾರುವವರ ದೂರಿಗೆ ಅಂಥ ಗಡುವು ಇಲ್ಲ. ಒಮ್ಮೆ ನನ್ನ ಒಂದು ಸೀರೆ 'ಬಣ್ಣ ಇಷ್ಟವಾಗಲಿಲ್ಲ' ಎಂದು ವಾಪಸ್ ಬಂತು. ಪ್ಯಾಕೆಟ್ ಬಿಚ್ಚಿದರೆ ಮಲ್ಲಿಗೆ ಹೂವಿನ ವಾಸನೆ. ಸೆರಗಿನ ತುದಿಯಲ್ಲಿ ಅರಿಶಿನದ ಕಲೆ, ನೆರಿಗೆಯಲ್ಲಿ ಎರಡು ಅಕ್ಷತೆ ಕಾಳು. ಯಾರದೋ ಮದುವೆ ಚೆನ್ನಾಗಿ ಆಗಿದೆ. ಫೋಟೊ ತೆಗೆದು ಪ್ಲಾಟ್‌ಫಾರ್ಮ್‌ಗೆ ಕಳಿಸಿದೆ. 'ನಿಮ್ಮ ಮನವಿಯನ್ನು ಮುಚ್ಚಲಾಗಿದೆ' ಎಂಬ ಉತ್ತರ ಬಂತು. ನಾಲ್ಕು ದಿನದ ನೇಯ್ಗೆ ಅದು. ಈಗ ನಮ್ಮವ್ವ ಉಡುತ್ತಾಳೆ.

ಓಎನ್‌ಡಿಸಿ ಬಗ್ಗೆ ಕೇಳಿರಬಹುದು. ಯಾವ ಆ್ಯಪ್‌ನಲ್ಲಿ ಕೊಂಡರೂ ಯಾವ ಆ್ಯಪ್‌ನ ಅಂಗಡಿಯಿಂದಲೂ ಸರಕು ಸಿಗುವ ಹಾಗೆ ಮಾಡುವ ಜಾಲ ಅದು. ಸರ್ಕಾರವೇ ಮುಂದೆ ನಿಂತು ಕಟ್ಟಿಸಿತು. 2022ರ ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನ 16 ಪಿನ್‌ಕೋಡ್‌ಗಳಲ್ಲಿ ಜನರಿಗೆ ತೆರೆದರು. 'ನಮ್ಮ ಯಾತ್ರಿ' ಆ್ಯಪ್‌ನ ಆಟೊಗಳಿಗೆ ಅದು ಕೆಲಸಕ್ಕೆ ಬಂದಿದೆ. ನನಗೆ ಎಂಟು ತಿಂಗಳಲ್ಲಿ ಮೂರು ಆರ್ಡರ್ ಬಂತು. ಐಡಿಯಾ ಚೆನ್ನಾಗಿದೆ, ಸೀರೆ ಕೊಳ್ಳುವವರು ಇನ್ನೂ ಅಲ್ಲಿಗೆ ಬಂದಿಲ್ಲ.

ನಿಜಕ್ಕೂ ವ್ಯಾಪಾರ ಬೆಳೆಸಿದ್ದು ಯುಪಿಐ. 2020ರ ಜನವರಿಯಿಂದ ವ್ಯಾಪಾರಿಗೆ ಅದರ ಮೇಲೆ ಶುಲ್ಕವೂ ಇಲ್ಲ. ಹಾಗಂತ ಅಲ್ಲೂ ನೆಮ್ಮದಿ ಪೂರ್ತಿ ಇರಲಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಬೇಕರಿ, ಚಹಾ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಎಂದು ಬರೆದರು. ನಮ್ಮ ಬಜಾರಿನಲ್ಲೂ ಒಂದಿಬ್ಬರು ಕ್ಯೂಆರ್ ಬೋರ್ಡು ಗಲ್ಲಾಪೆಟ್ಟಿಗೆ ಕೆಳಗೆ ಸೇರಿಸಿದರು. ಕೊನೆಗೆ ಮುಖ್ಯಮಂತ್ರಿಗಳೇ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆ ಬಾಕಿ ಕೇಳುವುದಿಲ್ಲ ಎನ್ನಬೇಕಾಯಿತು. ಕಾನೂನು ಹೊಸದೇನಲ್ಲ, ಮಿತಿ ದಾಟಿದರೆ ನೋಂದಣಿ ಬೇಕೇ ಬೇಕು. ಆದರೆ ಅದನ್ನು ಮೊದಲು ತಿಳಿಹೇಳಿ ಆಮೇಲೆ ನೋಟಿಸ್ ಕೊಟ್ಟಿದ್ದರೆ ಇಷ್ಟು ಗಾಬರಿ ಆಗುತ್ತಿರಲಿಲ್ಲ.

ನಿಮಗೆ ನಾನು ಹೇಳುವುದು: ಮೊದಲ ಆರು ತಿಂಗಳು ಎನ್‌ರೋಲ್‌ಮೆಂಟ್ ನಂಬರ್ ತಗೊಂಡು ಕರ್ನಾಟಕದೊಳಗೇ ಮಾರಿ. ಕೈ ಪಳಗಲಿ. ಆಮೇಲೆ ನೋಂದಣಿ ಮಾಡಿಸಿ, 2025ರ ನವೆಂಬರ್‌ನಿಂದ ಸಣ್ಣವರಿಗೆ ಮೂರು ಕೆಲಸದ ದಿನದಲ್ಲಿ ಕೊಡುವ ಸರಳ ದಾರಿ ಇದೆ. ಸಣ್ಣ ಉದ್ದಿಮೆ ಎಂದು ಸರ್ಕಾರ ಕೊಡುವ ಉದ್ಯಮ್ ಸರ್ಟಿಫಿಕೇಟ್ ಪುಕ್ಕಟೆ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಸುಮ್ನೆ ಎದ್ದು ಬನ್ನಿ. ಪ್ರತಿ ಪಾರ್ಸೆಲ್ ಕಟ್ಟುವಾಗ ಸೆರಗು ಬಿಚ್ಚಿ ತೋರಿಸಿ ವಿಡಿಯೊ ಮಾಡಿಟ್ಟುಕೊಳ್ಳಿ. ವಾಪಸ್ ಬಂದದ್ದನ್ನು ಬಿಚ್ಚುವಾಗಲೂ ಅಷ್ಟೇ.